ಸೀರೆ ಮಡಚುವ ಡಾಕ್ಟರು

ತನ್ನ ಅಂಗಿಯನ್ನು ಉಂಡೆ ಮಾಡಿ ಚೀಲಕ್ಕೆ ತುರುಕುವ ಮನುಷ್ಯನಿಗೆ ಬಟ್ಟೆ ಮಡಚುವ ವಿಷಯದಲ್ಲೇ ಡಾಕ್ಟರೇಟ್ ಕೊಟ್ಟಿದ್ದಾರೆಂದರೆ ನಂಬುತ್ತೀರಾ? ನಂಬಬೇಕು. ಅವನು ನನ್ನ ಚಿಕ್ಕಪ್ಪನ ಮಗ, ಹೈದರಾಬಾದಿನಲ್ಲಿ ಪ್ರೊಫೆಸರ್. ಕ್ಯಾಮೆರಾದಿಂದ ಬಟ್ಟೆಯ ಅಂಚು, ಸೆರಗು ಗುರುತಿಸಿ ತಾನೇ ಮಡಚುವ ರೋಬೋಟ್ ಕೈಯನ್ನು ತಯಾರಿಸುವುದು ಅವನ ಸಂಶೋಧನೆ.

ನಮ್ಮ ಮನೆತನದ ಮೊದಲ ಪದವೀಧರ ನಾನು. ಮಖ್ತಲಿನಿಂದ ನಾರಾಯಣಪೇಟೆಗೆ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಸಂಪಾದಿಸಿದ ಬಿ.ಎ. ಅದು! ಓಣಿಯಲ್ಲಿ ನನಗೊಂದು ಮರ್ಯಾದೆಯಿತ್ತು. ಇವನು ಪ್ರೊಫೆಸರಾದ ಮೇಲೆ ಎಲ್ಲರೂ ನನ್ನನ್ನು ಕೇಳುವುದು ಒಂದೇ, "ನಿಮ್ ತಮ್ಮ ಯಾವಾಗ ಬರ್ತಾರ್ರೀ?"

ಹೊಟ್ಟೆ ಉರಿಯದೆ ಇರುತ್ತದೆಯೇ?

ಗದ್ವಾಲದ ಮದುವೆಯೊಂದರಲ್ಲಿ ಅವನು ತಟ್ಟೆಯಲ್ಲಿಟ್ಟಿದ್ದ ಸೀರೆಯನ್ನು ಬಿಚ್ಚಿ, ಮಡಿಕೆ ಲೆಕ್ಕ ಹಾಕುತ್ತ ಕೂತುಬಿಟ್ಟ. ಮತ್ತೆ ಮಡಚಲು ಬರಲಿಲ್ಲ. ಹೆಣ್ಣಿನ ತಂದೆ ಗಾಬರಿಯಾಗಿ, "ಸೀರ್ಯಾಗ ಏನರ ಕುಂದು ಐತೇನ್ರೀ?" ಎಂದರು. ಮಡಿಕೆ ಬಹಳ ಚೆನ್ನಾಗಿದೆ ಅಂದ. ಅದನ್ನೇ ನಾನು ಬಿಚ್ಚಿದ್ದರೆ ಊಟಕ್ಕೂ ಕರೆಯುತ್ತಿರಲಿಲ್ಲ. ಪ್ರೊಫೆಸರು ಬಿಚ್ಚಿದ್ದಕ್ಕೆ ಶಾಲು ಹೊದಿಸಿದರು!

ಅದನ್ನೂ ನುಂಗಿಕೊಂಡೆ. ಆದರೆ ಅವ್ವ? ಅವನು ಬಂದಾಗಲೆಲ್ಲ ಅವಳ ಮುಂದೆ ಕ್ಯಾಮೆರಾ ನಿಲ್ಲಿಸುತ್ತಿದ್ದ. ಅವ್ವ ನಾರಾಯಣಪೇಟೆ ಸೀರೆಯನ್ನು ಮಡಚುವಳು, ಅವನು ಬಿಚ್ಚುವನು, ಅವಳು ಮತ್ತೆ ಮಡಚುವಳು. ಒಮ್ಮೆ ನಾನು ಚಹಾ ಕೇಳಿದೆ.

"ತಡಿಯಪ್ಪಾ, ಮಿಷಿನ್ನಿಗೆ ಪಾಠ ಹೇಳಾಕತ್ತೀನಿ."

ಬಿ.ಎ. ಮಗನಿಗೆ ಚಹಾ ಇಲ್ಲ, ಕಬ್ಬಿಣದ ಕೈಗೆ ಪಾಠ! ನಾನು ಓದುವಾಗ ಅವ್ವ ನನ್ನ ಪುಸ್ತಕ ಮುಟ್ಟಲೂ ಹೆದರುತ್ತಿದ್ದಳು. ಅವನ ಓದಿನಲ್ಲಿ ಅವಳೇ ಮಾಸ್ತರು. ನನ್ನ ಅವ್ವ, ಅವನ ಮಾಸ್ತರು! ಆ ಮದುವೆಯ ಶಾಲಿಗಿಂತ ಇದೇ ನನ್ನನ್ನು ಹೆಚ್ಚು ಸುಟ್ಟಿತು.

ಹೋದ ವರ್ಷ ಅವ್ವ ತೀರಿಕೊಂಡಳು. ಮೊನ್ನೆ ಅವನೊಂದು ವಿಡಿಯೊ ಕಳಿಸಿದ. ರೋಬೋಟ್ ಕೈ ತಡವರಿಸುತ್ತ ಸೀರೆ ಮಡಚಿ ಮುಗಿಸಿತು. ಆಮೇಲೆ ಸುಮ್ಮನಾಗದೆ, ಮಡಿಕೆಯ ಮೇಲೆ ಮೆಲ್ಲಗೆ ತಟ್ಟಿತು. ಕೂಸಿನ ಬೆನ್ನು ತಟ್ಟಿದ ಹಾಗೆ.

ಫೋನು ಮಾಡಿ, ಅದ್ಯಾಕೆ ತಟ್ಟುತ್ತದೆ ಎಂದು ಕೇಳಿದೆ.

"ದೊಡ್ಡವ್ವ ಹಂಗ ತಟ್ಟತಿದ್ಲಲ್ಲಣ್ಣಾ, ಮಿಷಿನ್ನು ನೋಡಿ ನೋಡಿ ಅದನ್ನೂ ಕಲ್ತೈತಿ. ನನ್ನ ವಿದ್ಯಾರ್ಥಿಗಳು ತಪ್ಪು ಐತಿ, ತೆಗೀತೀವಿ ಅಂದ್ರು. ನಾ ಬ್ಯಾಡ ಅಂದೆ."

ಅವ್ವ ಮಡಚಿಟ್ಟ ಅಂಗಿ ತೊಟ್ಟೇ ಕಾಲೇಜಿಗೆ ಹೋದವನು ನಾನು. ಅವಳು ಮಡಚಿದ್ದನ್ನು ತಟ್ಟಿ ಇಡುತ್ತಿದ್ದದ್ದನ್ನು ನೋಡಿದವನು ಅವನು. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ವಿಡಿಯೊ ಮತ್ತೆ ಹಚ್ಚಿದೆ, ಮಡಚುವುದನ್ನೆಲ್ಲ ಮುಂದೋಡಿಸಿ, ತಟ್ಟುವಲ್ಲಿಗೆ.