ಕಾಫಿ ಕುಡಿಯದ ಹಿರಿಯರು

ಕೊಡಗಿಗೆ ಬಂದು ಒಂದು ಗುಟುಕು ಕಾಫಿಯನ್ನೂ ಕುಡಿಯದೆ ಹಿಂದಿರುಗಿದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದು ಮಾತ್ರವಲ್ಲ, ಏಳು ದಿನ ನನ್ನ ಮನೆಯ ಮಹಡಿಯ ಮೇಲೆಯೇ ಇರಿಸಿಕೊಂಡಿದ್ದೇನೆ. ನನ್ನ ಎರಡು ಎಕರೆ ತೋಟಕ್ಕೆ ಆನೆಗಳು ನುಗ್ಗಿವೆ, ಕಾಡುಹಂದಿಗಳು ನುಗ್ಗಿವೆ, ಒಮ್ಮೆ ಅಳತೆಯ ಸರಪಳಿ ಹಿಡಿದು ಸರ್ವೇಯರನೂ ನುಗ್ಗಿದ್ದಾನೆ. ಅವರಾರೂ ನನಗೆ ಈ ಪರಿಯ ಅವಮಾನ ಮಾಡಿದವರಲ್ಲ. ಆನೆ ಕಾಫಿ ಗಿಡವನ್ನು ತುಳಿಯುತ್ತದೆ, ನಿಜ. ಆದರೆ ತುಳಿಯುವ ಮೊದಲು ಹಲ್ಲು ಕಿರಿದು "ಬೇಡ, ಧನ್ಯವಾದಗಳು" ಎಂದು ಹೇಳುವುದಿಲ್ಲ!

ಸಂಗತಿಯನ್ನು ಕ್ರಮವಾಗಿಯೇ ಹೇಳುತ್ತೇನೆ. ಶ್ರೀಮಂಗಲದ ಸಮೀಪದ ಎಸ್ಟೇಟೊಂದರಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿ ಹಾಜರಿ ಪುಸ್ತಕ ಬರೆದವನು ನಾನು. ಯಾರು ಯಾವ ದಿನ ತಡವಾಗಿ ಬಂದರು, ತಡವಾದುದಕ್ಕೆ ಯಾವ ಸುಳ್ಳು ಹೇಳಿದರು ಎಂಬುದು ಇಂದಿಗೂ ನನ್ನ ನೆನಪಿನಲ್ಲಿದೆ. ಅಂಥವನ ತಲೆಯಿಂದ ಕೇವಲ ಏಳು ದಿನಗಳು ಅಳಿಸಿಹೋದಾವೇ?

ನಮ್ಮೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸೆಲ್ವ ಒಂದು ಸಂಜೆ ಬಂದು ಜಗಲಿಯ ಕೆಳಗೆ ನಿಂತ.

"ಸಾರ್, ನಮ್ಮ ಚರ್ಚ್ ಸಭೆಯವ್ರು ಇಬ್ರು ಮೈಸೂರಿಂದ ಬರ್ತಾರೆ ಸಾರ್. ಅಂಗನವಾಡಿ ಶೀಟು ಗಾಳಿಗೆ ಹೋಯ್ತಲ್ಲ, ಅದು ಹಾಕಿ, ಪೇಂಟ್ ಮಾಡಿ ಕೊಡ್ತಾರೆ. ಒಂದು ವಾರ ಮಲಗೋಕೆ ನಿಮ್ಮ ಮೇಲ್ಗಡೆ ರೂಮು ಕೊಡ್ತೀರಾ ಸಾರ್? ನಮ್ಮ ಮನೇಲಿ ಕಾಲು ಚಾಚೋಕೂ ಜಾಗ ಇಲ್ಲ."

"ಎಂಥವರು?"

"ಒಬ್ರು ಅಮೆರಿಕ, ಒಬ್ರು ರಾಜಮಂಡ್ರಿ. ಇಬ್ರೂ ಎಲ್ಡರ್ ಸಾರ್!"

ಎಲ್ಡರ್ ಎಂದರೆ ಹಿರಿಯರಲ್ಲವೇ? ನರೆತ ತಲೆಯ, ಮಂಡಿನೋವಿನ, ಮಾತು ಬಲ್ಲ ಇಬ್ಬರು ವೃದ್ಧರನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡು ನಾನು ಒಪ್ಪಿದೆ. ಮಹಡಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಹಗ್ಗ ಕಟ್ಟಿಸಿದೆ. ಬಚ್ಚಲಿನಲ್ಲಿ ಕುಳಿತು ಸ್ನಾನ ಮಾಡಲು ಸ್ಟೂಲು ಇರಿಸಿದೆ. ಮಂಗಳವಾರ ಬಸ್ಸಿನಿಂದ ಇಳಿದವರು ಯಾರೆಂದುಕೊಂಡಿರಿ? ಸರಿಯಾಗಿ ಮೀಸೆ ಕೂಡ ಮೂಡದ ಇಬ್ಬರು ಹುಡುಗರು! ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಕಪ್ಪು ಫಲಕ. ಫಲಕದ ಮೇಲೆ ಸ್ಪಷ್ಟವಾದ ಬಿಳಿಯ ಅಕ್ಷರಗಳಲ್ಲಿ "ಎಲ್ಡರ್" ಎಂದು ಕೆತ್ತಿದೆ! ಮಾರ್ಮನ್ ಎಂಬ ಪಂಥದ ಹುಡುಗರು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಮನೆಮಠ ಬಿಟ್ಟು ಧರ್ಮದ ಕೆಲಸಕ್ಕೆ ಹೊರಡುತ್ತಾರಂತೆ. ಹೊರಟ ದಿನದಿಂದಲೇ ಅವರೆಲ್ಲರೂ ಹಿರಿಯರಂತೆ. ಎಪ್ಪತ್ತಾರು ವರ್ಷ ಕಷ್ಟಪಟ್ಟು ಬದುಕಿ ನಾನು ಸಂಪಾದಿಸಿದ ಪದವಿಯನ್ನು ಇವರು ಒಂದು ಪಿನ್ನಿನ ಸಹಾಯದಿಂದ ಚುಚ್ಚಿಕೊಂಡು ಬಂದಿದ್ದರು!

ಅಮೆರಿಕದ ಹಿರಿಯರು ಎಲ್ಲ ಕಿರಿಯರಂತೆ ನನ್ನ ಕಾಲು ಮುಟ್ಟಲಿಲ್ಲ. ನನ್ನ ಕೈಯನ್ನೇ ಹಿಡಿದು ಬೋರ್‌ವೆಲ್ ಪಂಪಿನಂತೆ ಮೇಲೆ ಕೆಳಗೆ ಆಡಿಸಿದರು. "ನಮಸ್ಕಾರ, ಅಜ್ಜ. ತಮ್ಮನ್ನು ಕಂಡು ನನಗೆ ಅತೀವ ಹರ್ಷವಾಗುತ್ತಿದೆ" ಎಂದರು. ಪುಸ್ತಕದಿಂದ ಕಲಿತ ಕನ್ನಡ. ನನ್ನನ್ನು ಕಂಡು ಅತೀವ ಹರ್ಷ ತಾಳಿದವರು ಅಂದಿನವರೆಗೆ ಯಾರೂ ಇರಲಿಲ್ಲವಾದ್ದರಿಂದ ನನಗೆ ಆಗಲೇ ಸಂಶಯ ಹುಟ್ಟಿತು.

ಅಷ್ಟರಲ್ಲಿ ನನ್ನ ಹೆಂಡತಿ ಕಾಫಿ ತಂದಳು. ಹಿರಿಯರು ಲೋಟದ ಮೇಲೆ ಬಗ್ಗಿ, ಮೂಸಿ, ಕೇಳಿದರು: "ಇದರಲ್ಲಿ ಕಾಫಿ ಇದೆಯೇ?"

"ಇದು ಕಾಫಿಯೇ!" ಎಂದೆ.

"ಬೇಡ, ಧನ್ಯವಾದಗಳು. ನಾವು ಕಾಫಿಯನ್ನು ಸೇವಿಸುವುದಿಲ್ಲ. ವ್ರತ."

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನನ್ನ ತಂದೆ ಹಾಸನದ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆಸಿದ ದಿನದಿಂದ ನಮ್ಮ ಜಗಲಿ ಹತ್ತಿದವರು ಯಾರೂ ಕಾಫಿ ಕುಡಿಯದೆ ಇಳಿದಿಲ್ಲ. ಜಪ್ತಿಯ ನೋಟಿಸು ತಂದ ಅಮೀನ ಕುಡಿದಿದ್ದಾನೆ. ಬೀಗರಾಗಲು ನಿರಾಕರಿಸಿದವರು ಕುಡಿದ ಮೇಲೆಯೇ ನಿರಾಕರಿಸಿದ್ದಾರೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಷ್ಟೆ. ಆಗ ನೆರೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದು ಅಳುವವರಿಗೆ ಕುಡಿಸುತ್ತಾರೆ. ಯಮ ಬಂದು ಹೋದರೂ ನಮ್ಮಲ್ಲಿ ಕಾಫಿ ತಪ್ಪುವುದಿಲ್ಲ ಎಂದಾಯಿತು. ಇವನಿಗೆ ವ್ರತವಂತೆ!

"ಟೀ ಆದ್ರೂ?" ಎಂದಳು ನನ್ನ ಹೆಂಡತಿ. ಅದೂ ವರ್ಜ್ಯ. "ಹಾಲು ಕುಡೀತೀಯೇನಪ್ಪಾ?" ಹಿರಿಯರು ಹಾಲು ಕುಡಿದರು. ಮೇಲ್ದುಟಿಯ ಮೇಲೆ ಬಿಳಿಯ ಗೆರೆ ಮೂಡಿತು. ಅವರಿಗಿದ್ದ ಮೀಸೆ ಅದೊಂದೇ. "ಅಯ್ಯೋ, ಕೂಸು ಕಣ್ರೀ ಇದು!" ಎಂದು ನನ್ನ ಹೆಂಡತಿ ಕರಗಿದಳು. ಮದುವೆಯಾಗಿ ಐವತ್ತೊಂದು ವರ್ಷವಾದರೂ ನಾನು ಏನನ್ನು ಕುಡಿದಾಗಲೂ ಅವಳು ಹೀಗೆ ಕರಗಿದ್ದನ್ನು ನಾನು ಕಾಣೆ.

ಈ ಹಿರಿಯರ ಇನ್ನೊಂದು ನಿಯಮವೆಂದರೆ ಜೋಡಿ ಬಿಟ್ಟು ಇರತಕ್ಕದ್ದಲ್ಲ. ಒಬ್ಬರು ಎಲ್ಲಿಗೆ ಹೋದರೆ ಇನ್ನೊಬ್ಬರೂ ಅಲ್ಲಿಗೆ. ಅಮೆರಿಕದವರು ಬಚ್ಚಲಿಗೆ ಹೋದರೆ ರಾಜಮಂಡ್ರಿಯವರು ಬಾಗಿಲ ಹೊರಗೆ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ಬುಧವಾರ ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಬಂದಾಗ ಇಬ್ಬರೂ ಎದುರಿಗೆ ನಿಂತು "ಶುಭೋದಯ, ಅಜ್ಜ!" ಎಂದು ಒಕ್ಕೊರಲಿನಿಂದ ಕೂಗಿದರು. ಪಂಚೆಯೊಂದನ್ನು ಮಾತ್ರ ಸುತ್ತಿಕೊಂಡ ಗೃಹಸ್ಥನಿಗೆ ಎರಡು ಟೈಗಳ ಎದುರು ನಿಲ್ಲುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದು.

ಅದೇ ದಿನ ಸಂಜೆ ಪಕ್ಕದ ತೋಟದ ನಿವೃತ್ತ ಸುಬೇದಾರರು ವಿದೇಶೀಯನನ್ನು ನೋಡಲೆಂದೇ ಬಂದರು. ಬರುವಾಗ ಬಗಲಲ್ಲಿ ರಮ್ ಇತ್ತು. ಹಿರಿಯರು ಮುಗುಳ್ನಕ್ಕು ಬೇಡವೆಂದರು. ಸಿಗರೇಟು? ಬೇಡ. ನನ್ನ ಕಾಫಿ? ಅದೂ ಬೇಡ. ನನ್ನ ಹೆಂಡತಿ ಕೊಟ್ಟ ಬಿಸಿನೀರನ್ನು ಮಾತ್ರ ಅಮೃತದಂತೆ ಕುಡಿದರು. ಸುಬೇದಾರರು ಆ ದೃಶ್ಯವನ್ನು ಬಹಳ ಹೊತ್ತು ದಿಟ್ಟಿಸಿದರು.

"ಎಂಥ ರೈಟರೇ ಇದು! ಸಮುದ್ರ ದಾಟಿ ಇಷ್ಟು ದೂರ ಬಂದದ್ದು ಬಿಸಿನೀರು ಕುಡಿಲಿಕ್ಕಾ ಇವ? ಅಂತೂ ನಿಮ್ಮ ಜಗಲಿಯಿಂದ ಒಬ್ಬ ಕಾಫಿ ಕುಡಿಯದೆ ಹೋಗುವ ಹಾಗಾಯ್ತಲ್ಲ!"

"ಮುಂದಿನ ಮಂಗಳವಾರದ ಬಸ್ಸು ಹತ್ತುವುದರೊಳಗೆ ಅವನು ನನ್ನ ಕಾಫಿ ಕುಡಿದಿರುತ್ತಾನೆ" ಎಂದೆ.

"ಕುಡಿಸಿ ನೋಡುವ! ಕುಡಿದರೆ ನನ್ನ ಮೀಸೆ ತೆಗೆಸ್ತೇನೆ."

ಆ ಮೀಸೆಯ ಮೇಲೆ ನನಗೆ ಬಹುಕಾಲದಿಂದ ಕಣ್ಣಿತ್ತೆಂಬುದನ್ನು ಮುಚ್ಚಿಡಲಾರೆ.

ಗುರುವಾರ ಅಂಗನವಾಡಿಗೆ ಶೀಟು ಬರುವುದು ತಡವಾಯಿತು. ಹಿರಿಯರು ನನ್ನ ತೋಟದ ಪಿಕ್ಕಿಂಗಿಗೆ ನೆರವಾಗುವೆವೆಂದು ತಾವಾಗಿಯೇ ಬಂದರು, ಟೈ ಸಮೇತ! "ನನಗೆ ಹಣ್ಣು ಬಿಡಿಸುವುದು ಗೊತ್ತು. ನನ್ನ ತಾತನಿಗೆ ಚೆರ್ರಿ ಹಣ್ಣಿನ ತೋಟವಿದೆ" ಎಂದರು ಅಮೆರಿಕದವರು. ರೋಬಸ್ಟಾ ಕಾಫಿಯ ಗೊಂಚಲನ್ನು ಬಿಡಿಸುವುದು ಕೈಯ ಓಟದ ಕೆಲಸ. ಹೆಂಗಸರು ಮಾತಾಡುತ್ತ, ನಗುತ್ತ, ಕಣ್ಣು ಕೂಡ ಹಾಯಿಸದೆ ಗಂಟೆಗೊಂದು ಬುಟ್ಟಿ ತುಂಬಿಸುತ್ತಾರೆ. ಈ ಮಹಾಶಯರೋ, ಒಂದೊಂದೇ ಹಣ್ಣನ್ನು ಹಿಡಿದು, ಮೆಲ್ಲಗೆ ತಿರುಚಿ, ತೊಟ್ಟು ಸಮೇತ ಕಿತ್ತು, ಮೊಟ್ಟೆ ಇರಿಸಿದಂತೆ ಬುಟ್ಟಿಯಲ್ಲಿ ಇರಿಸುತ್ತಿದ್ದರು. ಮಧ್ಯಾಹ್ನಕ್ಕೆ ಬುಟ್ಟಿಯ ತಳ ಕೂಡ ಮುಚ್ಚಿರಲಿಲ್ಲ. ತೊಟ್ಟಿನ ಬುಡ ಹರಿದ ಗೆಣ್ಣುಗಳನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ತೊಟ್ಟು ಕೀಳಬೇಡವೋ! ಬರುವ ವರ್ಷದ ಹೂವು ಅಲ್ಲೇ ಬರಬೇಕು! ಯಾರು ಕಲಿಸಿದರು ನಿನಗೆ ಈ ವಿದ್ಯೆ?"

"ತಾತ. ಚೆರ್ರಿಯನ್ನು ತೊಟ್ಟು ಬಿಟ್ಟು ಕಿತ್ತರೆ ಬಯ್ಯುತ್ತಾರೆ."

"ನಾನು ತೊಟ್ಟು ಕಿತ್ತರೆ ಬಯ್ಯುತ್ತೇನೆ!" ಎಂದು ಕಾಲು ಗಂಟೆ ಬಯ್ದೆ. ಹೆಂಗಸರು ಕೆಲಸ ನಿಲ್ಲಿಸಿ ಕೇಳಿದರು. ಅಷ್ಟು ಚೆನ್ನಾಗಿ ಬಯ್ದಿದ್ದೆ. ಆದರೆ ಹಿರಿಯರ ಮುಖ ಅರಳುತ್ತಲೇ ಹೋಯಿತು. ಕೊನೆಗೆ "ಧನ್ಯವಾದಗಳು, ಅಜ್ಜ. ಹದಿನಾಲ್ಕು ತಿಂಗಳಾಯಿತು, ಯಾರೂ ನನಗೆ ತಾತನ ಹಾಗೆ ಬಯ್ದಿರಲಿಲ್ಲ" ಎಂದರು. ಬೈಗುಳವನ್ನು ಉಡುಗೊರೆಯಂತೆ ಸ್ವೀಕರಿಸುವವನಿಗೆ ಏನು ಮಾಡಬೇಕು ಹೇಳಿ!

ಇನ್ನು ಧರ್ಮದ ವಿಚಾರ. ಇವರು ಮತ ಬೋಧಿಸಲು ಬಂದರೆ ಉತ್ತರಿಸಲೆಂದು ನಾನು ಮೊದಲ ದಿನವೇ ವಾದಗಳನ್ನು ಸಿದ್ಧಪಡಿಸಿಕೊಂಡಿದ್ದೆ. ವೇದಾಂತದಿಂದ ಆರಂಭಿಸಿ, ಪಾಶ್ಚಾತ್ಯರ ಲೋಭವನ್ನು ಖಂಡಿಸಿ, ಎರಡು ಗಂಟೆಗಳಲ್ಲಿ ಮುಗಿಯುವಂತೆ ಅಂದಾಜು ಮಾಡಿದ್ದೆ. ಶುಕ್ರವಾರ ಕಳೆಯಿತು, ಶನಿವಾರವೂ ಬಂತು. ಆ ಹುಡುಗ ದೇವರ ಸುದ್ದಿಯನ್ನೇ ಎತ್ತಲಿಲ್ಲ! ಅಂಗನವಾಡಿಗೆ ನೀಲಿ ಬಣ್ಣ ಬಳಿದ, ನನ್ನ ಕೊಡೆಯ ಮೇಲೂ ಒಂದಿಷ್ಟು ಸಿಡಿಸಿದ, ಮಕ್ಕಳೊಡನೆ ಕುಪ್ಪಳಿಸಿದ. ತಾಳಲಾರದೆ ನಾನೇ ಸೆಲ್ವನನ್ನು ಕರೆದು ಕೇಳಿದೆ.

"ಕೇಳಿದವ್ರಿಗೆ ಮಾತ್ರ ಹೇಳೋದು ಸಾರ್. ನೀವು ಕೇಳಿಲ್ಲ ಅಲ್ವಾ?"

ನಾನೇಕೆ ಕೇಳಲಿ? ನನ್ನನ್ನು ಮತಾಂತರದ ಪ್ರಯತ್ನಕ್ಕೂ ಯೋಗ್ಯನಲ್ಲವೆಂದು ಎಣಿಸಿದ್ದು ಸಣ್ಣ ಅವಮಾನವೇ? ಅದರ ಬದಲು ಹಿರಿಯರು ಶನಿವಾರ ಸಂಜೆ ನನ್ನ ಪಕ್ಕದಲ್ಲಿ ಕುಳಿತು "ಅಜ್ಜ, ತಾವು ಸಂತೋಷವಾಗಿದ್ದೀರಾ?" ಎಂದು ಕೇಳಿದರು. ತೋಟಕ್ಕೆ ಕಾಯಿಕೊರಕ ಹುಳು ಹತ್ತಿದ ಮನುಷ್ಯನನ್ನು ಕೇಳುವ ಪ್ರಶ್ನೆಯೇ ಇದು? ಆ ಪ್ರಶ್ನೆಯನ್ನು ಯಾರೂ ನನಗೆ ಹಿಂದೆ ಕೇಳಿರಲಿಲ್ಲ. ಒಳಗೆ ಎದ್ದುಹೋದೆ.

ಇಷ್ಟರ ನಡುವೆ ಪ್ರತಿಯೊಂದು ತಟ್ಟೆಗೂ, ಪ್ರತಿಯೊಂದು ಲೋಟಕ್ಕೂ ಅದೇ ಮೂಗು, ಅದೇ ಪ್ರಶ್ನೆ: "ಇದರಲ್ಲಿ ಕಾಫಿ ಇದೆಯೇ?" ಕಡುಬಿನಲ್ಲಿ ಕಾಫಿ ಇದೆಯೇ? ಹುಣಸೆ ಗೊಜ್ಜಿನಲ್ಲಿ ಇದೆಯೇ? ಉಪ್ಪಿನಕಾಯಿಯ ಭರಣಿಯನ್ನೂ ಬಿಡಲಿಲ್ಲ! ಭಾನುವಾರ ಇಬ್ಬರೂ ಸೆಲ್ವನ ಮನೆಗೆ ಪ್ರಾರ್ಥನೆಗೆ ಹೋದಾಗ ನಾನು ಜಗಲಿಯಲ್ಲಿ ಕುಳಿತು ಉಪಾಯ ಹೂಡಿದೆ.

ಸೋಮವಾರ ಅವರಿಗೆ ಬಿಡುವಿನ ದಿನ. ಬಟ್ಟೆ ಒಗೆಯುವುದು, ಮನೆಗೆ ಫೋನು ಮಾಡುವುದು ಅಂದೇ, ವಾರಕ್ಕೊಮ್ಮೆ. ನನ್ನ ಹೆಂಡತಿ ಸ್ವಸಹಾಯ ಸಂಘದ ಸಭೆಗೆ ಹೋಗಿದ್ದಳು. ಹನ್ನೊಂದು ಗಂಟೆಗೆ ನಾನೇ ಒಲೆಯ ಮುಂದೆ ನಿಂತು, ಬೆಲ್ಲ ಹಾಕಿ ಹಾಲಿಲ್ಲದ ಗಟ್ಟಿ ಕಾಫಿ ಕಾಯಿಸಿದೆ. ವಾಸನೆ ಅಡಗಲೆಂದು ಬೆರಳುದ್ದ ಶುಂಠಿ ಜಜ್ಜಿದೆ, ಕರಿಮೆಣಸು ಕುಟ್ಟಿದೆ, ಎರಡು ಏಲಕ್ಕಿಯನ್ನೂ ಬಲಿಕೊಟ್ಟೆ. ಬಣ್ಣ ನೋಡಿದರೆ ಸಾಕ್ಷಾತ್ ಕಷಾಯ! ಸುಬೇದಾರರನ್ನು ಹನ್ನೊಂದೂವರೆಗೆ ಬರಹೇಳಿದ್ದೆ. ಬೇಕಾದೀತೆಂದು ಕಿಟಕಿಯ ಮೇಲೆ ರೇಜರನ್ನೂ ಇರಿಸಿದ್ದೆ.

ಹಿರಿಯರು ಮಹಡಿಯಿಂದ ಇಳಿದು ಬಂದರು. ಹಗ್ಗ ಹಿಡಿದುಕೊಂಡೇ ಇಳಿದರು. ಹಿಂದೆ ರಾಜಮಂಡ್ರಿಯವರು ಒಂದು ಮೆಟ್ಟಿಲು ಬಿಟ್ಟು ಬರುತ್ತಿದ್ದರು. ನಾನು ಲೋಟ ಮುಂದೆ ಚಾಚಿದೆ.

"ಕಷಾಯ. ಕುಡಿ. ನಾನೇ ಮಾಡಿದ್ದು."

ಅವನು ಎರಡೂ ಕೈಗಳಿಂದ ಲೋಟ ತೆಗೆದುಕೊಂಡು ಮೆಟ್ಟಿಲಿನ ಮೇಲೆಯೇ ಕುಳಿತ. ಕಣ್ಣುಗಳು ಕೆಂಪಾಗಿದ್ದವು.

"ಅಜ್ಜ, ನನ್ನ ತಾತ ತೀರಿಹೋದರು. ಶುಕ್ರವಾರ. ಅಮ್ಮ ಈಗ ಹೇಳಿದರು."

"ಊರಿಗೆ ಹೊರಡು ಮತ್ತೆ" ಎಂದೆ.

"ಇಲ್ಲ. ಇನ್ನೂ ಹತ್ತು ತಿಂಗಳಿದೆ. ನಡುವೆ ಬರುವುದಿಲ್ಲ ಎಂದು ತಾತನಿಗೇ ಮಾತು ಕೊಟ್ಟು ಬಂದವನು ನಾನು."

ಹಾಗೆ ಹೇಳಿ ಅವನು ಲೋಟವನ್ನು ತುಟಿಯ ಬಳಿಗೆ ಎತ್ತಿದ. ಮೂಸಲಿಲ್ಲ. ಇದರಲ್ಲಿ ಕಾಫಿ ಇದೆಯೇ ಎಂದು ಕೇಳಲಿಲ್ಲ. ಆರು ದಿನ ಉಪ್ಪಿನಕಾಯಿಯನ್ನೂ ಸಂಶಯಿಸಿದವನು ಅಂದು, ನಾನು ಮಾಡಿದ್ದೆಂದು ಹೇಳಿದ ಮೇಲೆ, ಏನನ್ನೂ ಕೇಳಲಿಲ್ಲ.

ನಾನು ಲೋಟವನ್ನು ಕಿತ್ತುಕೊಂಡೆ. ಅರ್ಧ ನನ್ನ ಪಂಚೆಯ ಮೇಲೆ, ಅರ್ಧ ಮೆಟ್ಟಿಲಿನ ಮೇಲೆ ಚೆಲ್ಲಿತು. "ಇರುವೆ ಬಿದ್ದಿದೆ" ಎಂದೆ. ತಡವಾಗಿ ಬಂದ ಆಳುಗಳಿಂದ ಮೂವತ್ತೆಂಟು ವರ್ಷ ಸುಳ್ಳು ಕೇಳಿದವನು ನಾನು. ಇಷ್ಟು ಕಳಪೆ ಸುಳ್ಳನ್ನು ಅವರಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಸುಬೇದಾರರು ಮೀಸೆ ತೀಡುತ್ತಲೇ ಬಂದರು.

"ಎಂಥ ರೈಟರೇ, ಕುಡಿದನಾ?"

"ಇಲ್ಲ" ಎಂದೆ. "ಅವನ ತಾತ ಹೋಗಿಬಿಟ್ಟರಂತೆ."

ಸುಬೇದಾರರು ಟೋಪಿ ತೆಗೆದರು. ಅನಂತರ ಒಂದೇ ಒಂದು ಮಾತನ್ನೂ ಆಡದೆ ತಿರುಗಿ ಹೋಗಿಬಿಟ್ಟರು. ಸಾವಿನ ಸುದ್ದಿ ಕೇಳಿಯೂ ಒಂದು ಸಾಂತ್ವನದ ಮಾತಿಲ್ಲ! ಇದನ್ನು ನಾನು ಎಂದಿಗೂ ಮರೆಯಬಾರದೆಂದು ಅಲ್ಲಿಯೇ ನಿಶ್ಚಯಿಸಿದೆ. ಹುಡುಗನ ಪಕ್ಕದಲ್ಲಿ, ಅದೇ ಒದ್ದೆ ಮೆಟ್ಟಿಲಿನ ಮೇಲೆ, ಕುಳಿತೆ. ಚೆರ್ರಿ ಹಣ್ಣಿನ ಗಿಡಕ್ಕೆ ಯಾವ ಗೊಬ್ಬರ ಹಾಕುತ್ತಾರೆ ಎಂದು ಕೇಳಿದೆ. ಅವನು ಹೇಳತೊಡಗಿದ.

ಮುಕ್ಕಾಲು ಗಂಟೆಯ ಮೇಲೆ ಸುಬೇದಾರರು ಮತ್ತೆ ಬಂದರು. ಬಗಲಲ್ಲಿ ಅವರ ಹಸಿರು ಮಿಲಿಟರಿ ಫ್ಲಾಸ್ಕು. ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರು ಕಾಫಿ ತುಂಬಿ ತರುವ ಫ್ಲಾಸ್ಕು ಅದೇ. ನನ್ನ ಅಮ್ಮ ತೀರಿಕೊಂಡಾಗಲೂ ಅದರಲ್ಲೇ ತಂದಿದ್ದರು. ನಾನು ಗಾಬರಿಯಿಂದ ಎದ್ದೆ.

"ಸುಬೇದಾರರೇ, ಅವನಿಗೆ ಕಾಫಿ..."

"ಗೊತ್ತುಂಟು, ಕೂರಿ ಮಾರಾಯ್ರೆ." ಅವರು ಮುಚ್ಚಳ ತಿರುಗಿಸಿ ಬಗ್ಗಿಸಿದರು. ಹಬೆಯಾಡುವ ಬರಿಯ ಬಿಸಿನೀರು. ಮೊದಲು ಅಮೆರಿಕದ ಹುಡುಗನಿಗೆ ಕೊಟ್ಟರು, ಅನಂತರ ರಾಜಮಂಡ್ರಿಯವನಿಗೆ, ಅನಂತರ ನನಗೆ. ಕೊನೆಗೆ ತಮಗೂ ಬಗ್ಗಿಸಿಕೊಂಡು ನನ್ನ ಪಕ್ಕದಲ್ಲಿ ಕುಳಿತರು.

"ಕಾಫಿ ವಾಸನೆ ಹೋಗಲಿ ಅಂತ ನಾಲ್ಕು ಸಲ ಬೂದಿ ಹಾಕಿ ತೊಳೆದೆ" ಎಂದರು. "ಅದಕ್ಕೇ ತಡ ಆದದ್ದು."