ಮದುಮಗನಿಗೆ ನಮ್ಮವರ ಹೆಸರು

ಮದುವೆಯ ಹಂದರದಲ್ಲಿ ನಾಲ್ಕು ಒಳ್ಳೆಯ ಮಾತು ಆಡಲು ಎದ್ದು ನಿಂತವರಿಗೆ ಏನಾದರೊಂದು ಆಗದೆ ಇರುವುದಿಲ್ಲ. ನಮ್ಮವರದು ಹತ್ತಿ ವ್ಯಾಪಾರ. ಚಕ್ಕಡಿಯಲ್ಲಿ ಧಾರವಾಡ, ಅಲ್ಲಿಂದ ರೈಲು ಎಂದು ಅವರ ಬೆನ್ನಿಗೆ ಬಿದ್ದು ಪುಣೆ, ಮುಂಬಯಿ ಸುತ್ತಿ, ಒಮ್ಮೆ ಕಾಶಿಯನ್ನೂ ಮುಟ್ಟಿ ಬಂದವಳು ನಾನು. ಪುಣೆಯಲ್ಲಿ ಹೆಂಗಸರು ಸಭೆಯಲ್ಲಿ ನಿಂತು ಮಾತಾಡುತ್ತಾರೆಂದು ಬೈಲಹೊಂಗಲದಲ್ಲಿ ಹೇಳಿದ್ದೇ ತಪ್ಪಾಯಿತು. "ಹಂಗಾರ ನಮ್ಮ ಮದಿವ್ಯಾಗ ನೀವ ನಾಕ ಮಾತ ಹೇಳ್ರಿ ಅಕ್ಕಾರ" ಎಂದು ಕರೆ ಬರತೊಡಗಿತು. ಕರೆಯುವವರಿಗಿಂತ, ನನ್ನ ಬಾಯಿ ಎಂದು ಕಟ್ಟೀತೆಂದು ಕಾಯುವವರೇ ಹೆಚ್ಚು. ಅವರಲ್ಲಿ ಮೊದಲನೆಯವರು ನಮ್ಮ ಅತ್ತೆ.

ಹುರಳಿಯ ಆಶೀರ್ವಾದ

ಬೈಲಹೊಂಗಲದ ಒಂದು ಮದುವೆಯಲ್ಲಿ ನನಗಿಂತ ಮೊದಲು ಸಾಲಿ ಮಾಸ್ತರರು ಎದ್ದರು. ಮದುಮಕ್ಕಳನ್ನು ಹರಸಲು ನಿಂತವರು ಸೂರ್ಯ, ಚಂದ್ರ, ನವಗ್ರಹ ಎಲ್ಲರನ್ನೂ ಮಾತಾಡಿಸಿಕೊಂಡು ಬರತೊಡಗಿದರು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗೊಮ್ಮೆ ಜನ, ಮುಗಿಯಿತು ಎಂದುಕೊಂಡು ಅಕ್ಕಿಕಾಳು ಎರಚುವರು. ಮಾಸ್ತರರು ಅದನ್ನು ಮೆಚ್ಚುಗೆಯೆಂದು ತಿಳಿದು ಇನ್ನೊಂದು ಗ್ರಹಕ್ಕೆ ಹೋಗುವರು. ಕಡೆಗೆ ಅಯ್ಯನವರು ಖರೆ ಮುಹೂರ್ತದ ಮಂತ್ರ ಹೇಳಿದಾಗ ಯಾರ ಕೈಯಲ್ಲೂ ಒಂದು ಕಾಳಿಲ್ಲ!

ಮದುಮಗಳ ಸೋದರಮಾವ ಓಡಿಹೋಗಿ ಚಕ್ಕಡಿಯಲ್ಲಿ ಎತ್ತುಗಳಿಗೆಂದು ಇಟ್ಟಿದ್ದ ಹುರಳಿಯ ಚೀಲ ತಂದು ಎಲ್ಲರಿಗೂ ಹಂಚಿದ. ಹುರಳಿ ಬಿತ್ತು, ಲಗ್ನವೂ ಆಯಿತು. ಆದರೆ ಚೀಲದ ಹಿಂದೆಯೇ ಎತ್ತಿನ ಜೋಡಿಯೂ ಹಂದರದೊಳಗೆ ಬಂದು ಮದುಮಕ್ಕಳ ಕಾಲ ಬಳಿ ನೆಲ ನೆಕ್ಕತೊಡಗಿತು. ಓಡಿಸಲು ಹೋದವನನ್ನು ಹಿರಿಯರೊಬ್ಬರು ತಡೆದರು:

"ಇರ್ಲಿ ಬಿಡೋ. ಮಾಸ್ತರ ಭಾಷಣಾ ಪೂರಾ ಕೇಳಿದಾವು ಅವೆರಡ ಅಷ್ಟ!"

ಹೊಸ್ತಿಲಲ್ಲಿ ಹಸಿವೆ

ಸವದತ್ತಿಯಲ್ಲಿ ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ. ಹೆಣ್ಣು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಅದೊಂದೇ ಹೊತ್ತು, ಅದೂ ಪದ್ಯದಲ್ಲಿ ಸುತ್ತಿ. ಬರಿದೆ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಕಡೆ ನಂಬಿಕೆ.

ಹುಡುಗಿ ತುಟಿ ಬಿಚ್ಚಲೊಲ್ಲಳು. ಒಳಗಿನಿಂದ ಹೋಳಿಗೆಯ ವಾಸನೆ. ಮದುಮಗ ಮೆಲ್ಲಗೆ, "ಲಗೂನ ಹೇಳ, ಹೊಟ್ಟಿ ಹಸದೈತಿ" ಎಂದ.

ತಲೆ ಎತ್ತದೆ ಅವಳೆಂದಳು: "ಹಸಿವಿ ನಿಮಗ ಆಗೇತಿ, ನೀವ ಹೇಳ್ರಿ."

ಅವನು ತನ್ನ ಹೆಸರನ್ನು ತಾನೇ ಕೂಗಿ ಹೇಳಿದ. ನಾದಿನಿಯರು ನ್ಯಾಯವಂತರು. ಅವನೊಬ್ಬನನ್ನೇ ಒಳಗೆ ಬಿಟ್ಟರು.

ರಾಮದುರ್ಗದ ಕೂಗು

ಸವದತ್ತಿಯಲ್ಲಿ ಅಂದು ನಗುವಿನ ಭರದಲ್ಲಿ ನಾನು ದೊಡ್ಡ ಮಾತು ಆಡಿಬಿಟ್ಟೆ. "ಮುಂಬೈದಾಗ ಸಾಹೇಬರ ಹೆಂಡರು ದಿನಾ ಗಂಡನ ಹೆಸರ ಹಿಡದ ಕರೀತಾರ. ಆ ಗಂಡಂದಿರು ಹಂಡೇದಂಗ ದುಂಡಗ ಅದಾರ!"

"ಹಂಗಾರ ನೀ ಹೇಳ ನೋಡೂಣು" ಎಂದರು ಅತ್ತೆ.

"ಹೊತ್ತು ಬರ್ಲಿರಿ ಅತ್ತಿ, ಹೇಳತೇನಿ" ಎಂದೆ.

ಹೊತ್ತು ರಾಮದುರ್ಗದಲ್ಲಿ ಬಂತು. ಗೆಳತಿಯ ಮಗಳ ಮದುವೆ. ಮಾತಾಡಲು ಎದ್ದು ನಿಂತ ಮೇಲೆ, ಪಕ್ಕದವಳನ್ನು ಮದುಮಗನ ಹೆಸರು ಕೇಳಿದೆ. ಅವಳು ಹೇಳಿದಳು. ನಮ್ಮವರ ಹೆಸರೇ! ಅತ್ತೆಗೆ ಇದು ಮೊದಲೇ ಗೊತ್ತಿತ್ತು. ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ಹೇಳಿದ ಮೇಲೆ ಹಿರಿಯರ ಮಾತು ಎಲ್ಲಿಯಾದರೂ ಖರೆಯೇ ಆದರೆ? ಮುಂಬಯಿ ನೋಡಿದ ಕಣ್ಣು ನನ್ನದಾದರೂ ಹಣೆಯ ಕುಂಕುಮವೂ ನನ್ನದೇ. ಹೇಳದಿದ್ದರೆ ನಾಳೆಯಿಂದ ಬಾವಿಗೆ ನೀರಿಗೆ ಹೋಗುವಂತಿಲ್ಲ, ಅಷ್ಟು ನಗುತ್ತಾರೆ. ಒಡಪಿನಲ್ಲಿ ಸುತ್ತಿ ಹೇಳೋಣವೆಂದರೆ, ಪರರ ಗಂಡನ ಹೆಸರಿಗೆ ನಾನು ಒಡಪು ಕಟ್ಟಿದರೆ ಮದುಮಗಳು ಸುಮ್ಮನಿರುತ್ತಾಳೆಯೇ?

"ಈ ಚಿರಂಜೀವಿ... ಈ ಹುಡುಗ... ಇಲ್ಲೆ ಕುಂತಾನಲ್ಲ, ಈ ಹುಡುಗ..."

"ಹುಡುಗಗ ಹೆಸರಿಲ್ಲೇನ್ರಿ ಅಕ್ಕಾರ?" ಎಂದಳೊಬ್ಬಳು.

"ಐತಿ. ಛಲೋ ಹೆಸರು."

"ಛಲೋ ಇದ್ರ ಹೇಳ" ಎಂದರು ಅತ್ತೆ.

ಕಣ್ಣು ಮುಚ್ಚಿದೆ. ಹಂದರ ಹಾರಿಹೋಗುವಂತೆ ಕೂಗಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆದದ್ದೇ ಸಾಕು.

ಗಂಡಸರ ಕಡೆ ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದ ನಮ್ಮವರು ಧಡಕ್ಕನೆ ಎದ್ದು, ಎಲಿ-ಅಡಿಕಿಯ ತಬಕು ಉರುಳಿಸಿ, ರುಮಾಲು ಅಲ್ಲೇ ಬಿಟ್ಟು, ಧೋತರ ಹಿಡಿದುಕೊಂಡು ಓಡಿ ಬಂದರು.

"ಏನಾತು? ಹತ್ತಿಗೆ ಬೆಂಕಿ ಬಿತ್ತೇನ?"

"ಏನೂ ಆಗಿಲ್ರಿ. ಮದುಮಗಗ ಆಶೀರ್ವಾದ ಮಾಡೇನಿ."

"ಅವಗ ಆಶೀರ್ವಾದ ಮಾಡಾಕ ನನ್ನ ಯಾಕ ಕರದಿ? ಲಗ್ನ ಆದಾಗಿಂದ ಒಮ್ಮೆರ ಹಂಗ ಕರದೀಯೇನ? ಎದಿ ಒಡದ ಹೋಗತಿತ್ತು!"

ಹಂದರವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮದುಮಗನೂ ಮದುಮಗಳೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಏದುಸಿರು ಬಿಡುತ್ತಿದ್ದ ಮಗನ ಮುಖವನ್ನು ಸೆರಗಿನಿಂದ ಒರೆಸಿ, ನನ್ನ ಕಡೆ ತಿರುಗಿದರು:

"ಹೆಸರ ಹೇಳಿದ್ರ ಗಂಡನ ಆಯುಷ್ಯ ಕಮ್ಮಿ ಆಗತೈತಿ ಅಂತ ಹಿರ್ಯಾರು ಸುಳ್ಳ ಹೇಳ್ಯಾರೇನ? ಇಷ್ಟ ಜೋರಲೆ ಕರದ್ರ ಯಾವ ಗಂಡ ಬದುಕತಾನವಾ!"