ನುಸಿ ನುಗ್ಗದ ಅಂಗಿ

ಕಾಡಿಗೆ ಹೋದವರಿಗೆ ಹುಲಿಯಿಂದಲೋ ಹಾವಿನಿಂದಲೋ ಪ್ರಾಣಕ್ಕೆ ಬರುತ್ತದೆ. ನನಗೆ ಬಂದದ್ದೆಲ್ಲ ಮೈಮೇಲಿನ ಬಟ್ಟೆಯಿಂದ. ಒಮ್ಮೆ ಆದರೆ ಗ್ರಹಚಾರ ಎಂದು ಬಿಡಬಹುದು. ಒಂದೇ ಬೇಸಿಗೆಯಲ್ಲಿ ಮತ್ತೆ ಮತ್ತೆ ಆದದ್ದಕ್ಕೆ ಏನು ಹೇಳುವುದು?

ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದವ ನಾನು. ಚಾರ್ಮಾಡಿಯಲ್ಲಿ ಎತ್ತಿನಗಾಡಿಯ ಹಿಂದೆ ನಡೆದೆ, ಬಂಟ್ವಾಳದಲ್ಲಿ ಮೂಟೆ ಹೊತ್ತೆ, ಬೆಳ್ತಂಗಡಿ ಬಸ್ಸಿನಲ್ಲಿ ಕ್ಲೀನರ್ ಆದೆ. ಎಲ್ಲಿಯೂ ಒಂದು ಮಳೆಗಾಲ ಪೂರ್ತಿ ನಿಂತವನಲ್ಲ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿರಬೇಕು, ಪುಂಜಾಲಕಟ್ಟೆಯ ಹತ್ತಿರ ಒಬ್ಬರು ಹವಾಲ್ದಾರರ ಕೈಗೆ ಸಿಕ್ಕಿದೆ.

ಹವಾಲ್ದಾರರು ಬರ್ಮಾದ ಯುದ್ಧ ಮುಗಿಸಿ ಬಂದವರು. ಕೋವಿ ಇತ್ತು, ಲೈಸನ್ಸೂ ಇತ್ತು, ದೂರದ ಕಣ್ಣು ಮಾತ್ರ ಸ್ವಲ್ಪ ಮಂಜು. ಇದ್ದದ್ದು ವಿಧವೆ ಅಕ್ಕನ ಮನೆಯಲ್ಲಿ. ಅಕ್ಕನಿಗೆ ಗುಡ್ಡೆಯ ಬುಡದಲ್ಲಿ ಎರಡು ಕೊಳಕೆ ಗದ್ದೆ. ಬೇಸಿಗೆಯ ಕೊನೆಯ ಭತ್ತ ಅದರಲ್ಲಿ. ಅದಕ್ಕೆ ಒಂದು ಒಂಟಿ ಹಂದಿ ಬಂದು ಬೀಳುತ್ತಿತ್ತು. ಮೇಲಿನ ಗದ್ದೆ ಆಗಲೇ ಹೋಗಿತ್ತು. ಕೆಳಗಿನದ್ದು ಉಳಿದರೆ ಆಟಿ ತಿಂಗಳ ಜಡಿಮಳೆಯಲ್ಲಿ ಮನೆಯವರಿಗೆ ಗಂಜಿ, ಇಲ್ಲದಿದ್ದರೆ ಬರೇ ತಿಳಿನೀರು.

ನನ್ನ ಕೆಲಸ ಇಷ್ಟೆ. ಹಗಲು ಗುಡ್ಡೆ ಸುತ್ತಿ ಹಂದಿಯ ಹೆಜ್ಜೆ, ಹೊರಳಿದ ಕೆಸರು ಹುಡುಕುವುದು. ಸಂಜೆ ಗದ್ದೆಯ ಅಂಚಿನಲ್ಲಿ ಹೊಂಚು ಕೂರುವುದು. ಆಚೆ ಬದಿಯ ಪೊದೆಯಲ್ಲಿ ಹವಾಲ್ದಾರರು ಕೋವಿ ಹಿಡಿದು ಕೂರುತ್ತಿದ್ದರು. ನನ್ನ ಕೈಯಿಂದ ಅವರ ಕಾಲಿನ ಹೆಬ್ಬೆರಳಿಗೆ ಒಂದು ಉದ್ದದ ಹಗ್ಗ. ಹಂದಿ ಕಂಡರೆ ಎಳೆಯಬೇಕು.

೧. ಒಂದು ಪೆಟ್ಟು

ಮೊದಲ ಸಂಜೆ ನಾನು ಕೂತದ್ದು ತುಂಡು ಮುಂಡು ಉಟ್ಟು, ಬರಿಮೈಯಲ್ಲಿ. ಸೆಕೆ ಹಾಗಿತ್ತು. ಸೂರ್ಯ ಇಳಿದದ್ದೇ ತಡ, ನುಸಿಗಳು, ಪೇಟೆಯವರ ಸೊಳ್ಳೆಗಳು, ಬಂದವು. ತೊಡೆಯ ಸಂದಿಯಲ್ಲಿ ಹಗಲೇ ಹತ್ತಿದ ಉಣ್ಣಿ ಬೇರೆ. ಅಲ್ಲಾಡಬಾರದು, ಕೆರೆದುಕೊಳ್ಳಬಾರದು, ಉಸಿರೂ ದೊಡ್ಡದಾಗಿ ಬಿಡಬಾರದು ಎಂದು ಹವಾಲ್ದಾರರ ಅಪ್ಪಣೆ.

ಗುಡ್ಡೆಯ ಕಡೆ ತರಗೆಲೆ ಸರಕ್ಕೆಂದಿತು. ಅಲ್ಲಿಯ ಪೊದೆಯಿಂದ ಮೊದಲು ಮೂತಿ ಬಂತು, ಆಮೇಲೆ ಕೋರೆ, ಆಮೇಲೆ ಕಪ್ಪಗೆ ಬಂಡೆಯ ಹಾಗಿನ ಮೈ. ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಿಂತು ಗಾಳಿ ಮೂಸಿತು. ನಾನು ಹಗ್ಗ ಎಳೆದೆ. ಆಚೆ ಕೋವಿ ನಿಧಾನ ಮೇಲೇಳುವುದು ಕಾಣುತ್ತಿತ್ತು. ಇನ್ನೊಂದೇ ಹೆಜ್ಜೆ ಮುಂದೆ ಬರಬೇಕು.

ಆ ಹೊತ್ತಿಗೆ ಒಂದು ನುಸಿ ನನ್ನ ಕಿವಿಯೊಳಗೇ ಹೊಕ್ಕಿತು. ಕೈ ನನ್ನ ಮಾತು ಕೇಳಲಿಲ್ಲ. ಫಟ್ ಎಂದು ಬಿತ್ತು ಪೆಟ್ಟು. ಹಂದಿ ಇದ್ದ ಜಾಗದಲ್ಲಿ ಬರೇ ಧೂಳು.

ಹವಾಲ್ದಾರರು ಹಗ್ಗ ಸುತ್ತಿಕೊಂಡು ಮನೆಯ ದಾರಿ ಹಿಡಿದರು, ಹಿಂದೆ ನಾನು. ಅಂಗಳದಲ್ಲಿ ಅಕ್ಕ ಕಾದಿದ್ದರು. ಇಬ್ಬರ ಮುಖ ನೋಡಿದರು, ನನ್ನ ಕೆಂಪಾದ ಕಿವಿಯನ್ನೂ ನೋಡಿದರು.

“ನುಸಿ ಸತ್ತಿತಾ?”

“ಸತ್ತಿತು ಅಕ್ಕ.”

“ಸರಿ. ಸುಲಿದು ಕೊಡು, ಅದನ್ನೇ ಸಾರು ಮಾಡುವ.”

೨. ಅಳತೆ

“ಬರ್ಮಾದಲ್ಲಿ ನಮ್ಮನ್ನು ಸೋಲಿಸಲಿಕ್ಕೆ ನೋಡಿದ್ದು ಗುಂಡು ಅಲ್ಲ, ನುಸಿ,” ಎಂದರು ಹವಾಲ್ದಾರರು ಮರುದಿನ. ಪೆಟ್ಟಿಗೆಯಿಂದ ಪಟಾಲಮ್ಮಿನ ಹಸಿರು ಸೊಳ್ಳೆಪರದೆ ಹೊರಗೆ ಬಂತು. ಅದನ್ನು ಕಂಕುಳಲ್ಲಿ ಇರುಕಿಕೊಂಡು, ನನ್ನನ್ನು ಎಳೆದುಕೊಂಡು ಬಂಟ್ವಾಳ ಪೇಟೆಯ ದರ್ಜಿಯ ಹತ್ತಿರ ಹೋದರು.

ದರ್ಜಿ ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ನೋಡಿದ. “ಮದುವೆಯಾ?”

“ಹಂದಿಗೆ,” ಎಂದರು ಹವಾಲ್ದಾರರು.

“ಹಂದಿಗಾದರೆ ಇವನ ಅಳತೆ ಸಾಕಾ?”

ಹವಾಲ್ದಾರರು ನಗಲಿಲ್ಲ. ಅಂಗಿ, ಚಡ್ಡಿ, ಕಾಲುಚೀಲ, ತಲೆಯ ಮುಸುಕು ಎಲ್ಲ ಒಂದೇ ತುಂಡಾಗಬೇಕು ಎಂದರು. ದರ್ಜಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. “ಗುಂಡಿ ಎಷ್ಟು ಇಡಲಿ?”

“ಗುಂಡಿ ಬೇಡ. ಗುಂಡಿ ಇದ್ದಲ್ಲಿ ಸಂದು ಉಂಟು. ಸಂದು ಇದ್ದಲ್ಲಿ ನುಸಿ ಉಂಟು.”

“ಸರಿ. ನುಸಿ ಒಳಗೆ ಹೋಗುವುದಿಲ್ಲ. ಇವ ಹೋಗುವುದು ಹೇಗೆ?”

ಹವಾಲ್ದಾರರು ಇದನ್ನು ಯೋಚಿಸಿರಲಿಲ್ಲ. ಪರದೆಯನ್ನು ತಿರುವಿ ಮುರುವಿ ನೋಡಿದರು. “ಬೆನ್ನು ತೆರೆದಿಡು. ಇವನನ್ನು ಒಳಗೆ ಹಾಕಿದ ಮೇಲೆ ನಾವು ಮನೆಯಲ್ಲಿ ಹೊಲಿದುಕೊಳ್ತೇವೆ.”

ದರ್ಜಿ ಸೀಮೆಸುಣ್ಣ ಕೆಳಗಿಟ್ಟ. ನನ್ನನ್ನು ಬದಿಗೆ ಕರೆದು ಮೆಲ್ಲ ಕೇಳಿದ, “ನಿನಗೆ ಅಂತ ಊರಿನಲ್ಲಿ ಯಾರೂ ಇಲ್ಲವಾ ಮಾರಾಯ?”

೩. ನೂಲು

ದರ್ಜಿಯ ಅಂಗಿ ಬಂದ ಸಂಜೆ ಅಕ್ಕ ಗೋಣಿ ಹೊಲಿಯುವ ದಬ್ಬಣ ತಂದು ನನ್ನ ಬೆನ್ನು ಹೊಲಿದರು. ನನ್ನದು ಹೊಲಿದಾದ ಮೇಲೆ ಪರದೆಯ ಚೂರಿನಲ್ಲಿ ಹವಾಲ್ದಾರರೂ ಒಂದು ಮುಸುಕು ಹಾಕಿಕೊಂಡರು. ನನಗೆ ಜಾಗ ಕೊಟ್ಟದ್ದು ಗೇರುಮರದ ಮೇಲೆ. ನುಸಿಗಳು ಪರದೆಯ ಹೊರಗೆ ಗುಂಯ್ ಎನ್ನುತ್ತಿದ್ದವು. ಬದುಕಿನಲ್ಲಿ ಮೊದಲ ಸಲ ನುಸಿಯ ಎದುರು ಕೂತು ನಕ್ಕೆ.

ನಕ್ಕದ್ದು ಜಾಸ್ತಿ ಹೊತ್ತಲ್ಲ. ಆ ಕೊಂಬೆಯಲ್ಲೇ ಕೆಂಪಿರುವೆಯ ಗೂಡಿತ್ತು. ಹತ್ತುವಾಗ ಹಿಮ್ಮಡಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಇರುವೆಗಳಿಗೆ ಒಳಗೆ ಬರುವ ದಾರಿ ಸಿಕ್ಕಿತು, ಹೊರಗೆ ಹೋಗುವ ದಾರಿ ಸಿಗಲಿಲ್ಲ. ಆ ಸಿಟ್ಟನ್ನು ಅವು ನನ್ನ ಮೇಲೆಯೇ ತೀರಿಸಬೇಕಷ್ಟೆ.

ಮೊಣಕಾಲು ದಾಟಿ ಮೇಲೆ ಬರುವಾಗ ಕೆಳಗೆ ಗುರ್ ಎಂದಿತು. ಹಂದಿ ನನ್ನ ಕಾಲಿನ ನೇರ ಕೆಳಗೆ ಬಂದು ಗೇರಿನ ಬುಡಕ್ಕೆ ಮೈ ತಿಕ್ಕುತ್ತಿತ್ತು. ಮರ ನಡುಗಿತು, ನಾನು ಕೊಂಬೆ ತಬ್ಬಿದೆ. ಬಿದ್ದರೆ ಅದರ ಬೆನ್ನಿನ ಮೇಲೆಯೇ. ಹಲ್ಲು ಕಚ್ಚಿ ಹಗ್ಗ ಎಳೆದೆ. ಇರುವೆ ಹೊಟ್ಟೆಗೆ ಬಂತು. ನಾನು ಅಲ್ಲಾಡಲಿಲ್ಲ. ಎದೆಗೆ ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆಗಲೂ ಅಲ್ಲಾಡಲಿಲ್ಲ. ಹಂದಿ ತಿಕ್ಕಿ ಮುಗಿಸಿ ಬಯಲಿಗೆ ಇಳಿಯಿತು. ಹವಾಲ್ದಾರರು ಗುರಿ ಹಿಡಿದು ಕೋವಿಯ ಕುದುರೆ ಎಳೆದರು.

ಟುಸ್ ಎಂದಿತು. ಅವರ ಮುಸುಕಿನ ಅಂಚು ಮದ್ದಿಗೆ ಕಿಡಿ ಕೊಡುವ ಕೇಪಿಗೂ ಅದಕ್ಕೆ ಬಡಿಯುವ ಸುತ್ತಿಗೆಗೂ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುವಾಗ ಹಂದಿ ಗದ್ದೆಯ ಒಂದು ಮೂಲೆ ತಿಂದು, ಅವಸರ ಇಲ್ಲದೆ ಗುಡ್ಡೆ ಹತ್ತಿತು.

ನಾನು ಮರದಿಂದ ಜಾರಿ, ಮುಳ್ಳುಪೊದೆಯನ್ನೇ ಹಾದು ಮನೆಗೆ ಓಡಿದೆ. “ಅಕ್ಕ, ಕತ್ತರಿ. ಬೇಗ ಕತ್ತರಿ ತನ್ನಿ.”

ಅಕ್ಕ ಚಿಮಿಣಿ ದೀಪ ಹತ್ತಿರ ಇಟ್ಟು, ನನ್ನ ಬೆನ್ನಿನ ಹಿಂದೆ ಕೂತು, ಹೊಲಿಗೆ ಒಂದೊಂದನ್ನೇ ದಬ್ಬಣದ ತುದಿಯಿಂದ ಬಿಚ್ಚಲು ಶುರು ಮಾಡಿದರು. ನಾನು ಕುಣಿಯುತ್ತಿದ್ದೆ.

“ಅಲ್ಲಾಡಬೇಡ ಮಾರಾಯ,” ಎಂದರು. “ನೂಲು ತುಂಡಾಗ್ತದೆ. ನಾಳೆಗೂ ಬೇಕಲ್ಲ.”

೪. ಪುಣ್ಯಾತ್ಮರು

ಮುಳ್ಳಿಗೆ ಸಿಕ್ಕಿ ಪರದೆ ಚಿಂದಿಯಾಗಿತ್ತು. ಇರುವೆಯ ಹಲ್ಲೂ ತೂರದ ದಪ್ಪ ಬಟ್ಟೆ ಬೇಕೆಂದು ಹವಾಲ್ದಾರರು ನನ್ನನ್ನು ಮೂಡಬಿದಿರೆಗೆ ಅಟ್ಟಿದರು. ಅಲ್ಲಿ ಒಬ್ಬರು ಜೈನ ಸಾಹುಕಾರರ ಜವಳಿ ಅಂಗಡಿ. ಬಟ್ಟೆ ಎಷ್ಟು ಬೇಕಾದೀತು ಎಂದು ತೋರಿಸಲು ಹರಿದ ಪರದೆಯನ್ನೇ ಅಲ್ಲಿ ಮೈಗೆ ಏರಿಸಿದೆ.

ಸಾಹುಕಾರರು ಕನ್ನಡಕ ಸರಿಮಾಡಿಕೊಂಡರು. “ಇದು ಯಾಕೆ ಹೀಗೆ?”

“ನುಸಿ ಬಂದರೆ ಕೈ ತಡೆಯುವುದಿಲ್ಲ, ಹೊಡೆದುಬಿಡ್ತೇನೆ. ಹೊಡೆಯಬಾರದು ಅಂತ ನಮ್ಮ ಹವಾಲ್ದಾರರು ಇದನ್ನು ಹೊಲಿಸಿದ್ದು.”

ಹೇಳಿದ್ದೆಲ್ಲ ಸತ್ಯವೇ. ಸಾಹುಕಾರರ ಮುಖ ಮಾತ್ರ ಬೇರೆಯೇ ಆಯಿತು. ನುಸಿಯ ಜೀವಕ್ಕೆ ಇಷ್ಟು ಮರುಗುವವರನ್ನು ತಾನು ಕಂಡಿಲ್ಲ ಎಂದರು. ನನ್ನನ್ನು ಒಳಗೆ ಕರೆದು ಮಣೆ ಹಾಕಿ ಊಟಕ್ಕೆ ಕೂರಿಸಿದರು. ತುಪ್ಪ ತಾವೇ ಬಡಿಸಿದರು. ನಾನು ಬೇಗ ಬೇಗ ಉಂಡು ಏಳಲು ನೋಡಿದೆ. ಇನ್ನೊಂದು ಪ್ರಶ್ನೆ ಕೇಳಿದರೆ ಊಟವೂ ಹೋಯಿತು, ಬಟ್ಟೆಯೂ ಹೋಯಿತು.

ಅವರು ಕೇಳಿಯೇ ಕೇಳಿದರು. “ನಿನ್ನ ಕೆಲಸ ಏನಪ್ಪ?”

“ಗದ್ದೆ ಕಾಯುವುದು.”

“ಏನು ಬರ್ತದೆ ಗದ್ದೆಗೆ?”

“ಹಂದಿ.”

“ಬಂದರೆ?”

“ಹಗ್ಗ ಎಳೀತೇನೆ.”

“ಮತ್ತೆ?”

“ಮತ್ತೆಯದ್ದು ಹವಾಲ್ದಾರರು ನೋಡಿಕೊಳ್ತಾರೆ.”

ಸಾಹುಕಾರರು ಕಣ್ಣುಮುಚ್ಚಿ ಕೈಮುಗಿದರು. “ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ ಹೇಳು.”

ಹೇಳಿದೆ. ಹವಾಲ್ದಾರರು ಆಗ ಕೋವಿಯ ನಳಿಗೆಗೆ ಎಣ್ಣೆ ಹಾಕುತ್ತಿದ್ದರು.

೫. ಅಲ್ಲಾಡದವ

ಸಾಹುಕಾರರು ಕೊಟ್ಟ ಬಟ್ಟೆಯಲ್ಲಿ ಹೊಸ ಅಂಗಿಯನ್ನು ಅಕ್ಕನೇ ಹೊಲಿದರು. ಉಣ್ಣಿ, ಇರುವೆ ಯಾವುದೂ ಹತ್ತಿರ ಬರಬಾರದೆಂದು ಹವಾಲ್ದಾರರು ಅದನ್ನು ಹೊಗೆಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದರು. ಅದನ್ನು ಹಾಕಿಕೊಂಡು ಮಟಮಟ ಬಿಸಿಲಿನಲ್ಲಿ ಗುಡ್ಡೆ ಸುತ್ತಿದೆ. ಬೆವರು ಇಳಿದ ಹಾಗೆ ಹೊಗೆಸೊಪ್ಪು ಮೈಗೆ ಏರಿತು. ಹಂದಿಯ ಹಸಿ ಹೆಜ್ಜೆ ನೋಡಿದ್ದು ನೆನಪುಂಟು. ಆಮೇಲೆ ಗುಡ್ಡೆಯೇ ತಿರುಗಿತು. ಕಾರಿಕೊಳ್ಳುತ್ತ, ಕೈಯೂರಿ ಅಂಗಳ ಸೇರಿದೆ.

ಮರುದಿನ ಕೊಯ್ಲು. ಆ ಒಂದು ಸಂಜೆ ಕಳೆದರೆ ಭತ್ತ ಅಕ್ಕನದ್ದು. ಹವಾಲ್ದಾರರು ಆಗಲೇ ಹೋಗಿ ಪೊದೆಯಲ್ಲಿ ಕೂತಿದ್ದರು.

ನಾನು ಏಳಲು ನೋಡಿದೆ. ಅಕ್ಕ ಭುಜ ಒತ್ತಿ ಮಲಗಿಸಿದರು. “ಅಲ್ಲಿ ಹೋಗಿ ನೀನು ಕಾರಿದರೆ ಹಂದಿ ನಿಲ್ತದಾ? ಮಲಗು. ನಿನ್ನ ಬದಲಿಗೆ ಬೇರೆಯವನನ್ನು ಕಳಿಸ್ತೇನೆ.”

ಅಂಗಿಗೆ ಬೈಹುಲ್ಲು ತುಂಬಿದರು. ಬೆನ್ನು ಹೊಲಿದರು. ನನ್ನ ಮುಟ್ಟಾಳೆ ಟೊಪ್ಪಿ ತಲೆಗೆ ಇಟ್ಟು, ಹೊತ್ತುಕೊಂಡು ಹೋಗಿ ಹುಣಿಯ ಮೇಲಿನ ಕೊರಡಿನಲ್ಲಿ ಕೂರಿಸಿ, ಹಗ್ಗವನ್ನು ಕೈಗೆ ಕಟ್ಟಿ ಬಂದರು. ಆಚೆಯಿಂದ ಹವಾಲ್ದಾರರು ಅಷ್ಟು ದೂರಕ್ಕೆ, ಅಷ್ಟು ಮಬ್ಬಿನಲ್ಲಿ, ನಾನು ಬಂದು ಕೂತೆ ಎಂದೇ ತಿಳಿದರು.

ಅಡುಗೆಮನೆಯಲ್ಲಿ ನಾವಿಬ್ಬರೂ ಕಿವಿ ಕೊಟ್ಟು ಕೂತೆವು. ಗಂಜಿ ತಣಿಯಿತು. ಅಕ್ಕ ಕುಡುಗೋಲನ್ನು ಕೈಯಲ್ಲಿ ಹಿಡಿದವರು ಕೆಳಗಿಡಲೇ ಇಲ್ಲ. ಹೊರಗೆ ಕಪ್ಪೆಯೂ ಸುಮ್ಮನಾಯಿತು.

ಢಂ.

ಹಿಂದೆಯೇ ಹವಾಲ್ದಾರರ ಸ್ವರ. ಅವರು ಹಾಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ. “ಅಯ್ಯೋ ಸೀಳಿತು, ಹುಡುಗನ ಹೊಟ್ಟೆ ಸೀಳಿತು.”

ತಲೆ ತಿರುಗುವುದು ಮರೆತು ಓಡಿದೆ. ಹಿಂದೆ ಲಾಟೀನು ಹಿಡಿದು ಅಕ್ಕ. ಹಂದಿ ಹುಣಿಯ ಆಚೆ ಮಗ್ಗುಲಾಗಿ ಬಿದ್ದಿತ್ತು, ಸತ್ತೇಹೋಗಿತ್ತು. ದಾರಿಗೆ ಅಡ್ಡ ಕೂತವನ ಮೇಲೆ ಅದು ಕೋರೆ ಹಾಯಿಸಿತ್ತು. ಆ ಎಳೆತಕ್ಕೇ ಹಗ್ಗ ಜಗ್ಗಿ, ಹವಾಲ್ದಾರರು ಗುಂಡು ಬಿಟ್ಟದ್ದು. ಈಗ ಕೋವಿ ಎಲ್ಲೋ ಎಸೆದು, ಮೊಣಕಾಲೂರಿ, ಬೈಹುಲ್ಲಿನವನನ್ನು ತೊಡೆಯ ಮೇಲೆ ಹಾಕಿಕೊಂಡು ಹೊಟ್ಟೆಯಿಂದ ಹೊರಬಂದದ್ದನ್ನೆಲ್ಲ ಎರಡೂ ಕೈಯಲ್ಲಿ ಒಳಗೆ ತುರುಕುತ್ತಿದ್ದರು. ಗಡ್ಡದ ಮೇಲೆ ಕಣ್ಣೀರು.

ನಾನು ಅವರ ಹಿಂದೆ ನಿಂತು ಹೇಳಿದೆ, “ಹವಾಲ್ದಾರ್ರೇ, ನಾನು ಇಲ್ಲಿದ್ದೇನೆ.”

ಅವರು ತಿರುಗಲೂ ಇಲ್ಲ. “ನೀನು ಸ್ವಲ್ಪ ಸುಮ್ಮನಿರು ಮಾರಾಯ, ಇವನಿಗೆ ಉಸಿರುಂಟಾ ನೋಡ್ತಿದ್ದೇನೆ.”

ಅಕ್ಕ ಇಬ್ಬರನ್ನೂ ನೋಡಲಿಲ್ಲ. ಲಾಟೀನು ಎತ್ತಿ ಗದ್ದೆಯನ್ನು ನೋಡುತ್ತಿದ್ದರು. ಹವಾಲ್ದಾರರ ಪೊದೆಯಿಂದ ಹುಣಿಯವರೆಗೆ, ಹಣ್ಣಾದ ಭತ್ತದ ನಟ್ಟನಡುವೆ, ಒಂದು ಅಗಲದ ದಾರಿ ನೆಲಕ್ಕೆ ಮಲಗಿತ್ತು.

“ಹಂದಿ ಇವತ್ತು ಒಂದು ತೆನೆಯನ್ನೂ ಮುಟ್ಟಲಿಲ್ಲ ತಮ್ಮ,” ಎಂದರು. “ಇದರಲ್ಲಿ ಓಡಿದ್ದು ಯಾರು?”